ಹನ್ನೆರಡು ಜನರ ಬಸ್ಸು

ನವೆಂಬರ್ 5, ಮಂಗಳವಾರ

ಬಿ.ಪಿ. ನೂರ ಅರವತ್ತು. ದಿನಾ ಬರೆದಿಡಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಬರೀ ಅಂಕಿ ಬರೆದರೆ ಅದು ಯಾಕೆ ಏರಿತು ಎಂದು ಯಾರಿಗೆ ತಿಳಿಯಬೇಕು? ಆದ್ದರಿಂದ ಕಾರಣವನ್ನೂ ಬರೆಯುತ್ತೇನೆ.

ಇವತ್ತಿನ ಕಾರಣ ಜೀಕು, ನಮ್ಮ ಕಾರ್ಖಾನೆ ಬಸ್ಸಿನ ಡ್ರೈವರು. ಬೆಳಿಗ್ಗೆ ಎಲ್ಲರೂ ಹತ್ತಿ ಕುಳಿತ ಮೇಲೂ ಗಾಡಿ ಬಿಡಲಿಲ್ಲ. ಹಿಂದಕ್ಕೆ ತಿರುಗಿ ಟೋಪಿ ತೆಗೆದ. ಜೀಕು ಟೋಪಿ ತೆಗೆದನೆಂದರೆ ಸತ್ತವರ ಸುದ್ದಿಯೇ ಎಂದುಕೊಂಡೆ.

"ಹೊಸ ವರ್ಷದಿಂದ ನಿಮ್ಮೂರು ಪದುರೇನಿಯಲ್ಲಿ ಹನ್ನೆರಡು ಜನ ಹತ್ತಲಿಲ್ಲ ಅಂದ್ರೆ ಬಸ್ಸು ಮೇಲಕ್ಕೆ ಬರೋದಿಲ್ವಂತೆ. ಕೆಳಗೆ ಹೆದ್ದಾರಿ ಕೂಡೋ ಜಾಗದಲ್ಲೇ ತಿರುಗಿಸ್ಕೊಂಡು ಹೋಗು ಅಂತ ಆಫೀಸಿಂದ ಹೇಳಿದ್ದಾರೆ. ನನ್ನ ಮೇಲೆ ರೇಗಬೇಡಿ."

ಎಲ್ಲರೂ ಅವನ ಮೇಲೆಯೇ ರೇಗಿದರು. ನಾವು ಇರುವುದು ಹತ್ತು ಜನ. ಒಂದು ಕಾಲಕ್ಕೆ ಇದೇ ಊರಿಗೆ ಎರಡು ಬಸ್ಸು ಬರುತ್ತಿತ್ತು, ನಿಂತುಕೊಂಡು ಹೋಗುತ್ತಿದ್ದೆವು. ಆಮೇಲೆ ಒಬ್ಬರು ಜರ್ಮನಿಗೆ ತರಕಾರಿ ಕೀಳಲು, ಒಬ್ಬರು ಇಂಗ್ಲೆಂಡಿಗೆ ಕೋಳಿ ಕತ್ತರಿಸಲು, ಹೀಗೆ ಸೀಟು ಒಂದೊಂದಾಗಿ ಖಾಲಿಯಾಯಿತು. ಹೆದ್ದಾರಿಯವರೆಗೆ ಆರು ಕಿಲೋಮೀಟರು ಜೇಡಿಮಣ್ಣು. ಚಳಿಗಾಲದಲ್ಲಿ ಕಾಲು ಹೂತರೆ ಕಾಲು ಬರುತ್ತದೆ, ಬೂಟು ಬರುವುದಿಲ್ಲ.

ನನ್ನ ಪಕ್ಕದಲ್ಲಿ ಕೂರುವ ಸ್ಮರಾಂದಾ ಒಬ್ಬಳೇ ರೇಗದೆ ಮೊಣಕಾಲು ನೀವಿಕೊಳ್ಳುತ್ತಾ ಕೂತಿದ್ದಳು. ಅವಳಿಗೆ ಪಿಂಚಣಿಗೆ ಇನ್ನೆರಡು ವರ್ಷ ಬಾಕಿ. ಎಡ ಮೊಣಕಾಲು ಊದಿ ಬ್ರೆಡ್ಡಿನ ಉಂಡೆಯಾಗಿದೆ. ಆ ಕೆಸರಲ್ಲಿ ಅವಳು ನಡೆಯಲಾರಳು. ನಡೆಯದಿದ್ದರೆ ಕೆಲಸ ಹೋಯಿತು, ಕೆಲಸ ಹೋದರೆ ಇಷ್ಟು ವರ್ಷ ದುಡಿದ ಪಿಂಚಣಿ ಅರ್ಧಕ್ಕೇ ನಿಂತಿತು. ಕಾರ್ಖಾನೆಯಲ್ಲೂ ನಾವಿಬ್ಬರೂ ಒಂದೇ ಹಲಗೆಯ ಮುಂದೆ ನಿಂತು ಕಾರಿನ ವೈರುಗಳನ್ನು ಕಂತೆ ಕಟ್ಟುತ್ತೇವೆ. ದಿನವಿಡೀ ಗುನುಗುತ್ತಾಳೆ, ಅದೂ ಒಂದೇ ರಾಗ, ತಲೆ ಚಿಟ್ಟು ಹಿಡಿಯುತ್ತದೆ. ಇವತ್ತು ಗುನುಗಲಿಲ್ಲ.

ನನಗೇನಂತೆ? ಜನವರಿಯಲ್ಲಿ ನಾನು ಇಟಲಿಗೆ ಹೋಗುವವಳು.

ನವೆಂಬರ್ 7, ಗುರುವಾರ

ತಂಗಿ ಜೆನೊವೇವಾ ಇಟಲಿಯ ಬ್ರೆಷಾದಿಂದ ಫೋನ್ ಮಾಡಿದ್ದಳು. ಅಲ್ಲಿ ನಾನು ನೋಡಿಕೊಳ್ಳಬೇಕಾದ ಮುದುಕಿಗೆ ಎಂಬತ್ತೆಂಟಂತೆ, ಸಕ್ಕರೆ ಕಾಯಿಲೆಯಂತೆ, ಇಸ್ಪೀಟಿನಲ್ಲಿ ಮೋಸ ಮಾಡುತ್ತಾಳಂತೆ. "ನೀನು ಸುಮ್ನೆ ಸೋಲು ಅಕ್ಕಾ, ಅಷ್ಟೇ ಕೆಲಸ," ಎಂದಳು. ಸೋಲುವುದಕ್ಕೆ ಸಂಬಳ ಕೊಡುವವರು ಈ ದೇಶದಲ್ಲಿ ಎಲ್ಲಿದ್ದಾರೆ.

ನನ್ನ ಗಂಡ ಸ್ಪೇನಿಗೆ ಒಂದು ಸುಗ್ಗಿಗೆಂದು ಸ್ಟ್ರಾಬೆರಿ ಕೀಳಲು ಹೋದವನು ಹನ್ನೊಂದು ವರ್ಷವಾದರೂ ಕೀಳುತ್ತಲೇ ಇದ್ದಾನೆ. ಅಷ್ಟು ದೊಡ್ಡ ಹೊಲ ಇರಬೇಕು. ಮಕ್ಕಳಿಲ್ಲ. ಹಂದಿಯನ್ನೂ ಮಾರಿಬಿಟ್ಟೆ. ನನ್ನನ್ನು ಇಲ್ಲಿ ಹಿಡಿದಿಡುವಂಥದ್ದು ಒಂದು ಬಿ.ಪಿ. ಯಂತ್ರ, ಅದನ್ನು ಚೀಲದಲ್ಲಿ ಹಾಕಿಕೊಂಡರಾಯಿತು.

ರಾತ್ರಿ ಟಿವಿಯಲ್ಲಿ ನಮ್ಮ ಜಿಲ್ಲೆಯ ಸುದ್ದಿ ಬಂತು. ಇಲ್ಲಿ ಕೆಲಸವೇ ಇಲ್ಲವಂತೆ. ಕಾರ್ಖಾನೆಯ ಬಾಗಿಲಲ್ಲಿ ನೋಡಿದರೆ ಕೆಲಸಕ್ಕೆ ಜನ ಬೇಕಾಗಿದ್ದಾರೆ ಎಂಬ ಬೋರ್ಡು ವರ್ಷದಿಂದ ತೂಗುತ್ತಿದೆ. ಟಿವಿಯವರು, ಕಾರ್ಖಾನೆಯವರು, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ನಡುವೆ ಇರುವುದು ಆರು ಕಿಲೋಮೀಟರು ಕೆಸರು.

ಹತ್ತು ಜನ ಇದ್ದೇವೆ, ಇನ್ನಿಬ್ಬರು ಬೇಕು. ಸುಮ್ಮನೆ ಲೆಕ್ಕ ಹಾಕಿದೆ, ನಿದ್ದೆ ಬರಲಿಲ್ಲ ಅದಕ್ಕೆ.

ನವೆಂಬರ್ 10, ಭಾನುವಾರ

ಚರ್ಚಿನಿಂದ ಬರುವಾಗ ಅಂಗಡಿ ಮುಂದೆ ತ್ವಾದೆರ್ ಬೀರಿನ ಬಾಟಲಿ ಹಿಡಿದು ಕೂತಿದ್ದ. ಹಿಂದೆ ಸಾಮೂಹಿಕ ಜಮೀನಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಆ ಜಮೀನು ಹಂಚಿಹೋದ ಮೇಲೆ ಸ್ಟೇರಿಂಗು ಮುಟ್ಟಿಲ್ಲ. ಈಗ ಸರ್ಕಾರದ ಸಹಾಯಧನಕ್ಕಾಗಿ ಮೇಯರು ಹೇಳಿದ ಕೆಲಸ ಮಾಡುತ್ತಾನೆ: ಚರಂಡಿಯ ಎಲೆ ಎತ್ತುವುದು, ಬೇಲಿಗೆ ಸುಣ್ಣ ಹೊಡೆಯುವುದು. ಊರಿನ ಹಂದಿ ಕಡಿಯುವವನೂ ಅವನೊಬ್ಬನೇ.

"ಕಾರ್ಖಾನೆಗೆ ಬರ್ತೀಯಾ ತ್ವಾದೆರಣ್ಣ? ಜನ ಬೇಕಂತೆ."

"ವೈರು ಕಟ್ಟೋಕಾ? ಅದು ಹೆಂಗಸರ ಕೆಲಸ."

"ಚರಂಡಿ ಎಲೆ ಎತ್ತೋದು ಗಂಡಸರ ಕೆಲಸ ಅಂತ ಯಾರು ಹೇಳಿದ್ರು, ಮೇಯರ್ ಹೆಂಡ್ತೀನಾ?"

ಪಕ್ಕದಲ್ಲಿದ್ದವರು ನಕ್ಕರು. ತ್ವಾದೆರ್ ನಗಲಿಲ್ಲ. ಬಾಟಲಿ ಕೆಳಗಿಟ್ಟು ಮೆತ್ತಗೆ ಕೇಳಿದ.

"ಐವತ್ತೇಳು ನಂಗೆ. ತಗೋತಾರಾ?"

"ಉಸಿರಾಡ್ತಾ ಇದ್ರೆ ಸಾಕು. ಅದನ್ನೂ ಅಷ್ಟು ಸರಿಯಾಗಿ ನೋಡೋದಿಲ್ಲ."

"ನೋಡ್ತೀನಿ," ಎಂದ. ಮನೆಯವರೆಗೂ ನನ್ನ ಮೇಲೇ ನನಗೆ ಸಿಟ್ಟು. ಇಟಲಿಗೆ ಹೋಗುವವಳಿಗೆ ಈ ದಲ್ಲಾಳಿ ಕೆಲಸ ಯಾಕೆ?

ನವೆಂಬರ್ 18, ಸೋಮವಾರ

ತ್ವಾದೆರ್ ಬಂದ. ಇಸ್ತ್ರಿ ಮಾಡಿದ ಷರಟು, ಮದುವೆಗೆ ಹೊರಟ ಹಾಗೆ. ಹೆಂಗಸರು ಅವನಿಗೆ ಕಿಟಕಿ ಸೀಟು ಬಿಟ್ಟುಕೊಟ್ಟರು. ಹಲಗೆಯ ಮುಂದೆ ನಿಲ್ಲಿಸಿದರೆ ಅವನ ಬೆರಳು ಆ ಸಣ್ಣ ಸಂದುಗಳಿಗೆ ಹೋಗುವುದೇ ಇಲ್ಲ. ಮಧ್ಯಾಹ್ನದವರೆಗೆ ಒಂದೂ ಕಂತೆ ಮುಗಿಯಲಿಲ್ಲ. ಊಟದ ಹೊತ್ತಿಗೆ ಹೊರಗೆ ನಿಂತು ಗೋಡೆ ನೋಡುತ್ತಿದ್ದ.

"ನಾಳೆ ಬರಲ್ಲ ಒಲಿಂಪಿಯಾ. ಚಿಕ್ಕ ಹುಡುಗಿ ಬಂದು ನನ್ನ ಕೈ ಹಿಡಿದು ಕಲಿಸ್ತಾಳೆ. ನಾಚಿಕೆ ಆಗುತ್ತೆ."

ನನಗೆ ನಿಜವಾಗಿ ಸಂಕಟವಾಯಿತು. ಸೂಪರ್‌ವೈಸರಮ್ಮನ ಹತ್ತಿರ ಹೋಗಿ, ಇವನಿಗೆ ಚಕ್ರ ಇರುವ ಏನನ್ನಾದರೂ ಕೊಡಿ ತಾಯಿ ಎಂದು ಕೇಳಿದೆ.

ನವೆಂಬರ್ 21, ಗುರುವಾರ

ತ್ವಾದೆರ್‌ಗೆ ಗೋದಾಮಿನಲ್ಲಿ ಸರಕು ಎತ್ತುವ ಫೋರ್ಕ್‌ಲಿಫ್ಟ್ ಕಲಿಸುತ್ತಿದ್ದಾರೆ. ಬಸ್ಸಿನಲ್ಲಿ ವಾಪಸು ಬರುವಾಗ ಊರು ಬರುವವರೆಗೂ ಅದರದೇ ಮಾತು. ಹಿಂದಿನ ಚಕ್ರದಿಂದ ತಿರುಗುತ್ತದಂತೆ. ಎರಡು ಬೆರಳಲ್ಲಿ ತಿರುಗಿಸಬಹುದಂತೆ. ಸಾಕು ಮಾಡೋ ಎಂದರೂ ಕೇಳಲಿಲ್ಲ.

ಹನ್ನೊಂದು.

ನವೆಂಬರ್ 24, ಭಾನುವಾರ

ಬಿ.ಪಿ. ನೋಡಿಲ್ಲ. ನೋಡಿದರೆ ಯಂತ್ರವೇ ಒಡೆದೀತು. ಇವತ್ತು ಅಗ್ಲಾಯಾ ಜೊತೆ ಮಾತಾಡಿದೆ.

ಅಗ್ಲಾಯಾ ಪಕ್ಕದ ಮನೆಯವಳು. ನಾಲ್ಕು ವರ್ಷದಿಂದ ಮಾತಿಲ್ಲ. ಅವಳ ಅಂಗಳದ ಅಕ್ರೋಟು ಮರದ ಕೊಂಬೆ ನನ್ನ ಕಡೆ ಬಾಗಿದೆ; ಬಿದ್ದ ಕಾಯಿ ಯಾರದು ಎಂಬಲ್ಲಿ ಶುರುವಾದದ್ದು. ಅಂದಿನಿಂದ ಅವಳು ಹೇಳಬೇಕಾದ್ದನ್ನು ಅವಳ ಕೋಳಿಗಳಿಗೆ ಹೇಳುತ್ತಾಳೆ, ನಾನು ಬೀದಿಯ ನಾಯಿಗೆ. ಅವಳ ಮಗ ಜರ್ಮನಿಯಲ್ಲಿ ಗಾರೆ ಕೆಲಸದಲ್ಲಿದ್ದಾನೆ. ಸೊಸೆ ಮಿರಾಬೆಲಾ ಬುದ್ಧಿವಂತೆ, ಚುರುಕು ಕೈ. ಆದರೆ ಮೂರು ವರ್ಷದ ಮಗುವನ್ನು ನೋಡಿಕೊಳ್ಳಲು ಅಗ್ಲಾಯಾ ಒಪ್ಪುವುದಿಲ್ಲ, ಅದಕ್ಕೆ ಮನೆಯಲ್ಲೇ ಕೂತಿದ್ದಾಳೆ.

ಬೇಲಿಯ ಹತ್ತಿರ ಹೋಗಿ ನಿಂತೆ. ಅಗ್ಲಾಯಾ ಕೋಳಿಗಳಿಗೆ ಜೋಳ ಎರಚುತ್ತಿದ್ದಳು.

"ನೋಡ್ರೇ," ಎಂದಳು ಕೋಳಿಗಳಿಗೆ, "ಯಾರೋ ಇಟಲಿಯವರು ಬಂದಿದ್ದಾರೆ."

"ಅಗ್ಲಾಯಕ್ಕ, ಮಿರಾಬೆಲಾನ ಕಾರ್ಖಾನೆಗೆ ಕಳಿಸು. ಜನ ಸಾಲದೆ ಬಸ್ಸು ನಿಂತುಹೋಗುತ್ತೆ."

"ನಿಲ್ಲಲಿ. ನಾನೇನು ಆ ಬಸ್ಸಲ್ಲಿ ಜಾತ್ರೆಗೆ ಹೋಗಬೇಕಾ?"

"ಬಸ್ಸು ನಿಂತ್ರೆ ನಿನ್ನ ಸೊಸೆಗೆ ಇನ್ನಿಲ್ಲಿ ಕೆಲಸ ಅನ್ನೋದೇ ಇರಲ್ಲ. ಮಗು ಎತ್ಕೊಂಡು ಜರ್ಮನಿಗೆ ಹೋಗ್ತಾಳೆ, ಗಂಡನ ಹತ್ರ. ಆಗ ಈ ಕೋಳಿಗಳನ್ನೇ ತೊಡೆ ಮೇಲೆ ಕೂರಿಸ್ಕೊಂಡು ಮುದ್ದು ಮಾಡು."

ಕೈಯಲ್ಲಿದ್ದ ಜೋಳವನ್ನೆಲ್ಲ ಒಂದೇ ಸಲ ಸುರಿದುಬಿಟ್ಟಳು. ಕೆಟ್ಟ ಮಾತಾಡಿದೆ, ಗೊತ್ತು. ಆದರೆ ನಿಜ. ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ಮಿರಾಬೆಲಾ ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ಇತ್ತಲೇ ನೋಡುತ್ತಿದ್ದಳು.

"ಮಗೂನ ನೋಡ್ಕೋತೀನಿ," ಎಂದಳು ಅಗ್ಲಾಯಾ ಕೊನೆಗೆ. "ಆದ್ರೆ ಇಗ್ನಾತ್ ಹಬ್ಬದ ದಿನ ನನ್ನ ಹಂದಿ ಕಡಿಯುವಾಗ ಹಿಡಿಯೋಕೆ ನೀನು ಬರಬೇಕು. ಮಗ ಇಲ್ಲ. ನಿನ್ನ ತೋಳು ಗಂಡಸರ ತೋಳು ಇದ್ದಂಗಿದೆ."

ಹೊಗಳಿದಳೋ ಬೈದಳೋ ತಿಳಿಯಲಿಲ್ಲ. ಆಗಲಿ ಎಂದೆ.

ಡಿಸೆಂಬರ್ 2, ಸೋಮವಾರ

ಮಿರಾಬೆಲಾ ಹತ್ತಿದಳು. ಹನ್ನೆರಡು ಪೂರ್ತಿ! ಎರಡು ಸಲ ಎಣಿಸಿದೆ. ಸ್ಮರಾಂದಾ, ತ್ವಾದೆರ್, ಮಿರಾಬೆಲಾ, ನಾನು, ಕೆಳಗೇರಿಯ ಎಂಟು ಜನ. ಜೀಕು ಹಾರ್ನ್ ಹೊಡೆದ, ಇಡೀ ಊರಿನ ನಾಯಿಗಳು ಬೊಗಳಿದವು. ಸ್ಮರಾಂದಾ ಮತ್ತೆ ಗುನುಗಲು ಶುರು ಮಾಡಿದ್ದಾಳೆ. ಇವತ್ತು ಅಷ್ಟೇನೂ ಕೆಟ್ಟದಾಗಿ ಕೇಳಿಸಲಿಲ್ಲ.

ಮನೆಗೆ ಬಂದು ಜೆನೊವೇವಾ ಕಳಿಸಿದ ಇಟಾಲಿಯನ್ ಪಾಠ ಓದಿದೆ. ಇವತ್ತು ಸಕ್ಕರೆ, ಔಷಧಿ, ಕಾಲುಚೀಲ.

ಡಿಸೆಂಬರ್ 9, ಸೋಮವಾರ

ಇಟಲಿಯ ಬಸ್ಸಿಗೆ ಟಿಕೆಟ್ಟು ಆಯಿತು. ಜನವರಿ ಏಳು. ಜೆನೊವೇವಾ ಕಣ್ಣೀರು ಹಾಕಿದಳು, ಒಟ್ಟಿಗೆ ಇರಬಹುದಲ್ಲ ಎಂದು. ಬಸ್ಸಿನಲ್ಲಿ ಹೇಳಿದೆ. ಎಲ್ಲರೂ ಒಳ್ಳೆಯದಾಗಲಿ ಎಂದರು. ಆಮೇಲೆ ಯಾಕೋ ಯಾರೂ ಹೆಚ್ಚು ಮಾತಾಡಲಿಲ್ಲ. ಸೋಮವಾರ ತಾನೇ, ಎಲ್ಲರಿಗೂ ನಿದ್ದೆ.

ಡಿಸೆಂಬರ್ 19, ಗುರುವಾರ

ಕೆಟ್ಟಿತು ಕೆಲಸ. ಸಂಜೆ ಇಳಿಯುವಾಗ ಜೀಕು ಹೇಳಿದ, ನಾಳೆ ಬೆಳಿಗ್ಗೆ ಆಫೀಸಿನಿಂದ ಒಬ್ಬರು ಬಸ್ಸಿನಲ್ಲೇ ಬಂದು ತಲೆ ಎಣಿಸುತ್ತಾರಂತೆ. ಅವರು ಏನು ಬರೆಯುತ್ತಾರೋ ಅದೇ ಕೊನೆ.

ನಾಳೆ ಇಗ್ನಾತ್! ಹಂದಿ ಕಡಿಯುವ ದಿನ ಊರಲ್ಲಿ ಯಾರಾದರೂ ಕೆಲಸಕ್ಕೆ ಹೋದದ್ದುಂಟೇ? ಎಲ್ಲರೂ ಆಗಲೇ ರಜೆ ಹಾಕಿದ್ದಾರೆ.

"ಆ ಮನುಷ್ಯನಿಗೆ ಹೇಳ್ಬಾರ್ದಿತ್ತೇನೋ?" ಎಂದೆ.

"ಹೇಳ್ದೆ ಒಲಿಂಪಿಯಕ್ಕ. ತಾರೀಕು ಮೇಲಿನಿಂದ ಬಂದಿದೆ ಅಂದ್ರು. ಮೇಲೆ ಇರೋರಿಗೆ ಮಾಂಸ ಅಂಗಡೀಲಿ ಸಿಗುತ್ತೆ."

ನಿಲ್ದಾಣದಲ್ಲೇ ನಿಂತು ಚರ್ಚೆ. ಹಂದಿಗಳಿಗೆ ಇವತ್ತು ಮೇವು ಹಾಕಿಲ್ಲ, ಸುಡಲು ಹುಲ್ಲು, ಬೆಳ್ಳುಳ್ಳಿ ಎಲ್ಲ ಸಿದ್ಧ, ತ್ವಾದೆರ್ ಒಬ್ಬನೇ ಮನೆಯಿಂದ ಮನೆಗೆ ಹೋಗಬೇಕು. ನಾಳೆ ಬಿಟ್ಟರೆ ಕ್ರಿಸ್‌ಮಸ್ ಹಬ್ಬದ ಮುಂಚೆ ಆಗುವ ಮಾತಲ್ಲ. ಕೆಲಸಕ್ಕೆ ಹೋಗುತ್ತೇವೆ ಎಂದು ಒಬ್ಬಿಬ್ಬರು ಅಂದರು, ಆದರೆ ಹೇಳುವಾಗಲೇ ಮುಖ ಸಪ್ಪಗಾಯಿತು.

"ಯಾರೂ ಹೋಗೋದು ಬೇಡ," ಎಂದೆ. "ಎಲ್ರೂ ಕುತ್ತಿಗೆಗೆ ಕಾರ್ಖಾನೆ ಕಾರ್ಡು ಹಾಕ್ಕೊಂಡು ನಿಮ್ಮ ನಿಮ್ಮ ಹಂದಿ ಹತ್ರ ಇರಿ. ಅವನನ್ನ ನಾನೇ ಕರ್ಕೊಂಡು ಬರ್ತೀನಿ."

ಸ್ಮರಾಂದಾ ನನ್ನ ತೋಳು ಹಿಡಿದಳು. "ಒಲಿಂಪಿಯಾ, ಆದ್ರೆ ನೀನು..."

"ನಾನು ಏನು?"

"ಏನಿಲ್ಲ ಬಿಡು," ಎಂದಳು.

ಡಿಸೆಂಬರ್ 20, ಶುಕ್ರವಾರ, ಇಗ್ನಾತ್

ಮೈಯೆಲ್ಲ ಸುಟ್ಟ ಹುಲ್ಲಿನ ವಾಸನೆ. ತೋಳು ಎತ್ತಲಾಗುತ್ತಿಲ್ಲ. ಆದರೂ ಬರೆಯದೆ ಮಲಗಲಾರೆ.

ಬೆಳಿಗ್ಗೆ ಕತ್ತಲಲ್ಲಿ ನಿಲ್ದಾಣದಲ್ಲಿ ನಾನೊಬ್ಬಳೇ. ಬಸ್ಸಿನಿಂದ ತೆಳು ಕೋಟು, ತೆಳು ಬೂಟಿನ ಹುಡುಗ ಇಳಿದ. ಹೆಸರು ರಜ್ವಾನ್. ಅತ್ತ ಇತ್ತ ನೋಡಿದ.

"ಒಬ್ರೇನಾ ಮೇಡಂ?"

"ಉಳಿದ ಹನ್ನೊಂದು ಜನ ಹಂದಿ ಹತ್ರ ಇದ್ದಾರೆ. ಬನ್ನಿ."

"ನಾನು ಬಸ್ಸಲ್ಲಿ ಕೂತವರನ್ನ ಎಣಿಸಬೇಕು."

ಜೀಕು ಎಂಜಿನ್ ಆಫ್ ಮಾಡಿ ಕೀಲಿ ಜೇಬಿಗೆ ಹಾಕಿಕೊಂಡ. "ಹಾಗಾದ್ರೆ ಕೂತ್ಕೊಂಡಿರಿ ಸಾರ್. ನಾನು ಇವರ ಜೊತೆ ಹೋಗಿ ಒಂದು ತುಂಡು ತಿಂದು ಬರ್ತೀನಿ."

ಆ ಚಳಿಯಲ್ಲಿ ಒಬ್ಬನೇ ಕೂರುವುದಕ್ಕಾಗುತ್ತದೆಯೇ, ಹಿಂದೆಯೇ ಬಂದ. ಮೊದಲು ಅಗ್ಲಾಯಾ ಅಂಗಳ, ಮಾತು ಕೊಟ್ಟಿದ್ದೆನಲ್ಲ. ಬೆಳಕು ಹರಿದಾಗ ತ್ವಾದೆರ್ ಚಾಕು ಹಿಡಿದು ಬಂದ, ಕುತ್ತಿಗೆಯಲ್ಲಿ ಕಾರ್ಡು. ನಾನು, ಮಿರಾಬೆಲಾ, ಜೀಕು ಹಂದಿಯನ್ನು ಅದುಮಿ ಹಿಡಿದೆವು. ಹುಡುಗನ ಮುಖ ಬಿಳಿಚಿಕೊಂಡಿತು.

"ಅಯ್ಯೋ ಅನ್ನಬೇಡ ತಮ್ಮಾ," ಎಂದು ಅಗ್ಲಾಯಾ ಗದರಿದಳು. "ಕನಿಕರ ಪಡೋರು ನಿಂತಿದ್ರೆ ಹಂದಿ ಬೇಗ ಪ್ರಾಣ ಬಿಡಲ್ಲ. ಸುಮ್ನೆ ನಿಲ್ಲೋ ಬದಲು ಬಾಲ ಹಿಡ್ಕೋ."

ಹಿಡಿದುಕೊಂಡ! ಕಾಗದ ಸಿಕ್ಕಿಸಿದ್ದ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಹಂದಿಯ ಬಾಲ ಹಿಡಿದುಕೊಂಡ. ನಗಬಾರದು ಎಂದು ತುಟಿ ಕಚ್ಚಿಕೊಂಡೆ.

ಹುಲ್ಲಿನಲ್ಲಿ ಸುಟ್ಟು, ತೊಳೆದು, ಉಪ್ಪು ತಿಕ್ಕಿ ಮೊದಲ ಕಿವಿಯ ಚೂರನ್ನು ಅಗ್ಲಾಯಾ ಅವನಿಗೇ ಕೊಟ್ಟಳು, ಜೊತೆಗೆ ಒಂದು ಲೋಟ ಪ್ಲಮ್ ಸಾರಾಯಿ. ಆಮೇಲೆ ಮನೆಯಿಂದ ಮನೆಗೆ ಹೊರಟೆವು. ಎಲ್ಲ ಅಂಗಳದಲ್ಲೂ ರಕ್ತ ಮೆತ್ತಿದ ಏಪ್ರನ್ನಿನ ಮೇಲೆ ಕಾರ್ಖಾನೆಯ ಕಾರ್ಡು ತೂಗುತ್ತಿತ್ತು. ಸ್ಮರಾಂದಾ ಕರುಳು ತೊಳೆಯುತ್ತಾ ಸ್ಟೂಲಿನ ಮೇಲೆ ಕೂತಿದ್ದಳು, ಕಾರ್ಡು ನೀರಿಗೆ ಬೀಳದಂತೆ ಹಲ್ಲಿನಲ್ಲಿ ಕಚ್ಚಿಕೊಂಡು. ಹುಡುಗ ಬಾಗಿ ಅವಳ ಬಾಯಿಯಿಂದಲೇ ಹೆಸರು ಓದಿ ಬರೆದುಕೊಂಡ. ಪ್ರತಿ ಮನೆಯಲ್ಲೂ ಒಂದು ಲೋಟ. ಬೇಡ ಎನ್ನುವುದು ಹೇಗೆಂದು ಪಾಪ ಅವನಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಅಗ್ಲಾಯಾ ಮನೆಯಲ್ಲಿ ಸತ್ತ ಹಂದಿಯ ಹೆಸರಿನ ಊಟ. ಕಬ್ಬಿಣದ ಬಾಣಲೆಯಲ್ಲಿ ಹುರಿದ ಮಾಂಸ, ಮೆಕ್ಕೆಜೋಳದ ಹಿಟ್ಟಿನ ಮಾಮಲೀಗ ಮುದ್ದೆ, ಬೆಳ್ಳುಳ್ಳಿ. ಹಬ್ಬದ ಉಪವಾಸದ ದಿನಗಳೇ ಆದರೂ ಈ ಊಟಕ್ಕೆ ನಮ್ಮ ಪಾದ್ರಿಗಳು ಕಣ್ಣು ಮುಚ್ಚಿಕೊಳ್ಳುತ್ತಾರೆ. ತಟ್ಟೆ ಹಿಡಿದು ಬಂದು ಮುಚ್ಚಿಕೊಳ್ಳುತ್ತಾರೆ. ಹುಡುಗ ಬೆರಳು ನೆಕ್ಕಿಕೊಂಡು ಕಾಗದ ತೆಗೆದ.

"ಹನ್ನೆರಡು ಸರಿ ಇದೆ," ಎಂದ. "ಹೊಸ ವರ್ಷ ಆದ್ಮೇಲೂ ಈ ಹನ್ನೆರಡು ಜನ ಇರ್ತೀರಿ ತಾನೇ? ಅದನ್ನ ಬರೀಬೇಕು."

ತ್ವಾದೆರ್ ಚಾಕು ಒರೆಸುವುದನ್ನು ನಿಲ್ಲಿಸಿದ. ಮಿರಾಬೆಲಾ ತಲೆ ತಗ್ಗಿಸಿದಳು. ಉಳಿದವರೆಲ್ಲ ನನ್ನ ಕಡೆ ನೋಡುತ್ತಿದ್ದರು. ಸ್ಮರಾಂದಾ ಮಾತ್ರ ನೋಡಲಿಲ್ಲ, ನೋಡಬಾರದೆಂದು ಬೇಕೆಂದೇ ಬಾಣಲೆಯ ಕಡೆ ತಿರುಗಿ ಕೂತಿದ್ದಳು.

ಆಗ ಹೊಳೆಯಿತು ನನಗೆ. ಇಷ್ಟು ದಿನ ಎಣಿಸಿದ್ದೇ ಎಣಿಸಿದ್ದು, ನನ್ನನ್ನು ಸೇರಿಸಿಕೊಂಡೇ ಎಣಿಸಿದ್ದೆ. ಅದು ಅವರಿಗೆಲ್ಲ ಟಿಕೆಟ್ಟಿನ ದಿನವೇ ತಿಳಿದಿತ್ತು. ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

"ಇರ್ತೀವಿ, ಬರ್ಕೋ," ಎಂದೆ.

"ಎಲ್ಲರೂ?"

"ಎಲ್ಲರೂ ಅಂದ್ನಲ್ಲ. ತಿನ್ನು, ಆರಿಹೋಗುತ್ತೆ."

ಸ್ಮರಾಂದಾ ಬಾಣಲೆಯ ಮುಂದೆ ಮುಖ ಮುಚ್ಚಿಕೊಂಡು ಅತ್ತಳು. ಹೊಗೆ ಎಂದಳು. ಅಗ್ಲಾಯಾ ಒಂದು ದೊಡ್ಡ ತುಂಡು ತಂದು ನನ್ನ ತಟ್ಟೆಗೆ ಹಾಕಿ ನೇರವಾಗಿ ನನ್ನ ಮುಖ ನೋಡಿ, "ತಿನ್ನೇ," ಎಂದಳು.

ಡಿಸೆಂಬರ್ 22, ಭಾನುವಾರ

ಜೆನೊವೇವಾಗೆ ಹೇಳಿದೆ. ಬಹಳ ಬೈದಳು. "ಯಾವ ಸುಖಕ್ಕೆ ಅಲ್ಲಿರ್ತೀಯ? ವೈರು ಕಟ್ಟೋಕಾ?" ಇಲ್ಲಿ ಬಸ್ಸು ಇದೆ ಎಂದೆ. ಫೋನ್ ಇಟ್ಟುಬಿಟ್ಟಳು. ತಂಗಿಯ ಮನಸ್ಸು ನೋಯಿಸಿದ್ದಕ್ಕೆ ಇಡೀ ದಿನ ಏನೂ ಸೇರಲಿಲ್ಲ.

ಡಿಸೆಂಬರ್ 28, ಶನಿವಾರ

ತಂಗಿಯೇ ಫೋನ್ ಮಾಡಿದಳು. ಮುದುಕಿಗೆ ಬೇರೆ ಹೆಂಗಸು ಸಿಕ್ಕಳಂತೆ, ಎರಡೇ ದಿನದಲ್ಲಿ. ಒಳ್ಳೆಯದಾಯಿತು. ಸ್ವಲ್ಪ ಅವಮಾನವೂ ಆಯಿತು. ಈಸ್ಟರಿಗೆ ತಾನೇ ಇಲ್ಲಿಗೆ ಬರುತ್ತಾಳಂತೆ.

ಬಸ್ಸಿನ ವಿಷಯ ಏನೂ ತಿಳಿದಿಲ್ಲ. ಹುಡುಗ ಬರೆದು ಕಳಿಸಿದ್ದಾನೆ, ಮೇಲಿನವರು ರಜೆಯಲ್ಲಿದ್ದಾರೆ, ಜೀಕುವಿಗೂ ಗೊತ್ತಿಲ್ಲ.

ಜನವರಿ 8, ಬುಧವಾರ

ರಜೆ ಮುಗಿದು ಇವತ್ತು ಮೊದಲ ಪಾಳಿ. ರಾತ್ರಿಯೆಲ್ಲ ಹಿಮ ಸುರಿದಿತ್ತು. ಕತ್ತಲಲ್ಲಿ ಹನ್ನೆರಡು ಜನವೂ ನಿಲ್ದಾಣದಲ್ಲಿ ನಿಂತೆವು. ಹೊತ್ತಾಯಿತು, ಬಸ್ಸಿಲ್ಲ.

"ಕೆಳಗೇ ತಿರುಗಿಸ್ಕೊಂಡು ಹೋಗಿರ್ತಾನೆ," ಎಂದ ತ್ವಾದೆರ್.

ಸ್ಮರಾಂದಾ ಒಂದು ಕೋಲು ತಂದಿದ್ದಳು. ಅದನ್ನು ಊರಿಕೊಂಡು ರಸ್ತೆಗಿಳಿದು ನಡೆಯಲು ಶುರು ಮಾಡಿದಳು. ನಾಲ್ಕು ಹೆಜ್ಜೆಗೇ ಜಾರಿದಳು. ಓಡಿ ಹೋಗಿ ಹಿಡಿದುಕೊಂಡೆ. "ಬಿಡು, ನಾನು ನಡೀತೀನಿ," ಎಂದಳು. ಬಿಡಲಿಲ್ಲ. ಅವಳ ಭಾರವೆಲ್ಲ ನನ್ನ ತೋಳಿನ ಮೇಲಿತ್ತು. ಇಟಲಿ ಬಿಟ್ಟು, ತಂಗಿಯ ಮನಸ್ಸು ನೋಯಿಸಿ, ಕೊನೆಗೆ ಇದೇನಾ ಎಂದುಕೊಂಡೆ.

ಆಗ ಕೆಳಗಿನ ತಿರುವಿನಲ್ಲಿ ಎಂಜಿನ್ ಏದುಸಿರು ಬಿಡುವುದು ಕೇಳಿಸಿತು. ಬೆಳಕು ಬೇಲಿಗಳ ಮೇಲೆ ಹತ್ತಿ ಬಂತು. ಸ್ಮರಾಂದಾ ಅಲ್ಲೇ ಹಿಮದಲ್ಲಿ ಕುಕ್ಕರಿಸಿದಳು. ಅವಳನ್ನು ಎತ್ತಲು ತ್ವಾದೆರ್ ಬರಬೇಕಾಯಿತು.

ಜೀಕು ಚಕ್ರಕ್ಕೆ ಸರಪಳಿ ಕಟ್ಟುತ್ತಾ ತಡವಾಯಿತಂತೆ. ಊರಿಗೆ ಬಸ್ಸು ಮುಂದುವರಿಯುತ್ತದೆ, ನಿನ್ನೆ ಸಂಜೆ ಹೇಳಿದರಂತೆ. ಅಷ್ಟನ್ನು ಫೋನ್ ಮಾಡಿ ಹೇಳಬಾರದೇ ದರಿದ್ರದವನೇ ಎಂದು ಎಲ್ಲರೂ ಬೈದರು. ಬೈಯುವಾಗ ಎಲ್ಲರ ಮುಖವೂ ಅರಳಿತ್ತು. ನಾನು ಆ ಗಲಾಟೆಯಲ್ಲೇ ಹಿಂದಿನ ಬಾಗಿಲಿನಿಂದ ಹತ್ತಿ ಕೊನೆಯ ಸೀಟಿನಲ್ಲಿ ಹೋಗಿ ಕುಳಿತುಬಿಟ್ಟೆ.

ಹೊರಡುವ ಮುಂಚೆ ಜೀಕು ಕನ್ನಡಿಯಲ್ಲಿ ತಲೆ ಎಣಿಸಿದ. ಹನ್ನೊಂದಕ್ಕೆ ನಿಲ್ಲಿಸಿದ. ಮತ್ತೆ ಮೊದಲಿಂದ ಎಣಿಸಿದ, ಮತ್ತೆ ಹನ್ನೊಂದು. ಸ್ಮರಾಂದಾ ಪಕ್ಕದ ನನ್ನ ಸೀಟು ಖಾಲಿ, ಹಿಂದಿನ ಕತ್ತಲಲ್ಲಿ ಕೂತ ನಾನು ಕಾಣಲಿಲ್ಲ; ಮಾತು ತಪ್ಪಿ ನಿನ್ನೆಯೇ ಇಟಲಿಯ ಬಸ್ಸು ಹತ್ತಿದೆ ಎಂದು ಅವನ ಲೆಕ್ಕ. ಅವನ ಮುಖ ಕಳೆಗುಂದುವುದು ಕನ್ನಡಿಯಲ್ಲಿ ಕಾಣಿಸಿತು.

ಹಿಂದಿನಿಂದ ಕೈ ಎತ್ತಿದೆ.

"ನಾನೂ ಇದ್ದೀನಿ ಕಣೋ. ಹೊರಡು."